ಪ್ಲಿಮತ್ ಕಾರಿನ ಎಂಜಿನ್ ನಂಬರ್

ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಬೇಲಾಪುರದಿಂದ ಬಂದ ದಯಾನಂದ, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಇಳಿದು, ಮನೆ ಕಡೆಯ ಡೊಂಬಿವಲಿ ಗಾಡಿ ಹಿಡಿಯದೆ ಸ್ಟೇಷನ್ನಿನಿಂದ ಹೊರಬಿದ್ದ. ಅಂಗಿಯ ಕಿಸೆಯಲ್ಲಿ ಒಂದು ಮೆತ್ತನೆಯ ಪೆನ್ಸಿಲ್ಲೂ ನಾಲ್ಕಾಗಿ ಮಡಚಿದ ತೆಳು ಕಾಗದವೂ ಇದ್ದವು. ಎರಡು ವಾರಗಳಿಂದ ಮನಸ್ಸನ್ನು ಕೊರೆಯುತ್ತಿದ್ದ ಒಂದು ತಪ್ಪನ್ನು ಇವತ್ತು ಯಾರಿಗೂ ತಿಳಿಯದಂತೆ ಸರಿಮಾಡಿಬಿಡಬೇಕು ಎಂದು ಅವನು ನಿರ್ಧರಿಸಿದ್ದ.

ಹಳೆಯ ಅಮೆರಿಕನ್ ಕಾರುಗಳನ್ನು ಮೂಲೆಮೂಲೆಗಳಿಂದ ಹುಡುಕಿ, ಅವನ್ನು ಬಿಚ್ಚಿ ಜೋಡಿಸುವ ಹುಚ್ಚಿರುವವರಿಗೆ ಮಾರಿಸಿಕೊಡುವುದು ಅವನ ಗೆಳೆಯ ಜಯಶೀಲನ ದಂಧೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಅವನ ಶೆಡ್ಡು. ಜಯಶೀಲನಿಗೆ ಕಾರು ಗೊತ್ತು, ಬರೆಯಲು ಬಾರದು. ದಯಾನಂದನಿಗೆ ಬರೆಯಲು ಬರುತ್ತದೆ, ಕಾರು ಗೊತ್ತಿಲ್ಲ. ಹಾಗಾಗಿ ಆರ್‌ಸಿ ಬುಕ್ಕು ಓದುವುದು, ಕಾರಿನ ಮೇಲೆ ಕೊರೆದ ನಂಬರಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು, ಇಂಟರ್ನೆಟ್ಟಿಗೆ ಜಾಹೀರಾತು ಬರೆಯುವುದು ಇವನ ಪಾಲು. ನೈಟ್ ಕಾಲೇಜಿನಲ್ಲಿ ಏಳು ವರ್ಷ ತೆಗೆದುಕೊಂಡು ಬಿ.ಕಾಂ. ಮುಗಿಸಿದವನು. ತಾನು ಬರೆದ ಪ್ರತಿ ಸಾಲನ್ನೂ ಯಾರೋ ಕೆಂಪು ಶಾಯಿ ಹಿಡಿದು ಓದುತ್ತಿದ್ದಾರೆ ಎಂದೇ ಅವನಿಗೆ ಅನಿಸುತ್ತಿತ್ತು.

ಈ ಸಲದ ಕಾರು ೧೯೫೪ರ ಪ್ಲಿಮತ್. ಠಾಣೆಯ ವಿಷ್ಣುಮೂರ್ತಿ ರಾಯರ ಸಸ್ಯಾಹಾರಿ ಹೋಟೆಲಿನ ಹಿಂದಿನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ನಿಂತದ್ದು. ಎರಡು ವಾರದ ಹಿಂದೆ ದಯಾನಂದ ಬಂದು ಚಾಸಿ ನಂಬರಿನ ಅಚ್ಚು ಸರಿಯಾಗಿಯೇ ತೆಗೆದಿದ್ದ. ಎಂಜಿನ್ನಿನ ಮೇಲೆ ಬೆರಳುದ್ದ ಜಿಡ್ಡು. ಅಷ್ಟರಲ್ಲಿ ರಾಯರ ಹೆಂಡತಿ ಶ್ರೀಮತಿಯಮ್ಮ ಬಿಸಿ ಬನ್ಸ್ ಉಂಟೆಂದು ಕರೆದರು. ಆರ್‌ಸಿ ಬುಕ್ಕಿನಲ್ಲಿದ್ದ ಎಂಜಿನ್ ನಂಬರನ್ನು ಹಾಗೆಯೇ ನಕಲು ಮಾಡಿಕೊಂಡು, ‘ಎಂಜಿನ್ ಮೂಲದ್ದೇ, ನಂಬರ್ ತಾಳೆ ನೋಡಲಾಗಿದೆ’ ಎಂದು ಬರೆದುಬಿಟ್ಟಿದ್ದ. ಜಯಶೀಲ ಆಗ ರಜೆಗೆ ಊರಿಗೆ ಹೋಗಿದ್ದ. ಹೊರಗಿನ ಫೋಟೊ ನೋಡಿಯೇ ಹೂಂ ಅಂದಿದ್ದ.

ನಾಳೆ ಬೆಳಿಗ್ಗೆ ಪುಣೆಯಿಂದ ಮಾನಸಿ ಎಂಬವಳು ಬರುವವಳಿದ್ದಳು. ಹಳೆಯ ಕಾರುಗಳನ್ನು ತಾನೇ ಬಿಚ್ಚಿ ಓಡುವಂತೆ ಮಾಡುವವಳು. ‘ಮೂಲ ಎಂಜಿನ್ ಇದ್ದರೆ ಮಾತ್ರ’ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದಳು. ಅವಳು ಬೇಡವೆಂದರೆ ಸೋಮವಾರ ಗುಜರಿಯವರ ಕ್ರೇನ್ ಬರುತ್ತದೆ. ಹೋಟೆಲಿನ ಕಟ್ಟಡ, ಕೆಡವಿ ಹೊಸತು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗುತ್ತಿತ್ತು, ಬಿಲ್ಡರಿಗೆ ಗ್ಯಾರೇಜು ಖಾಲಿ ಬೇಕಿತ್ತು.

"ಮತ್ತೆ ಬಂದೆಯಾ? ಬನ್ಸಿನ ರುಚಿ ಹಿಡಿಯಿತೋ?" ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ರಾಯರು ಕೇಳಿದರು.

"ಅಲ್ಲ ರಾಯರೇ, ಒಂದು ಅಚ್ಚು ಬಾಕಿ ಉಂಟು."

ಸೀಮೆಎಣ್ಣೆ, ಹಳೆಯ ಬನಿಯನ್ ತುಂಡು ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ಎಂಜಿನ್ನನ್ನು ಅರ್ಧ ಗಂಟೆ ಉಜ್ಜಿದ. ಜಿಡ್ಡಿನಡಿಯಿಂದ ಒಂದು ನಂಬರು ಎದ್ದಿತು. ಕಾಗದ ಒತ್ತಿ ಪೆನ್ಸಿಲ್ ಆಡಿಸಿದ. ಆರ್‌ಸಿಯಲ್ಲಿ ‘ಪಿ ೨೫’ರಿಂದ ಶುರು; ಇಲ್ಲಿ ಪಿ ಎಂಬ ಅಕ್ಷರವೇ ಇಲ್ಲ. ಮೂರು ಸಲ ತೆಗೆದ. ಮೂರು ಸಲವೂ ಅದೇ ಬಂತು.

ಹಿಂದೆ ಬಂದು ನಿಂತಿದ್ದ ರಾಯರು ಬಗ್ಗಿ ನೋಡಿ, "ಅದು ಡೀಸೆಲ್ ಅಲ್ಲವಾ ಮಾರಾಯ! ಎಪ್ಪತ್ತನಾಲ್ಕರಲ್ಲಿ ಹಾಕಿಸಿದ್ದು. ಮೊದಲಿನದು ಪೆಟ್ರೋಲ್ ಕುಡಿಯುವ ಭೂತ. ದಾದರಿಗೆ ಹೋಗಿ ತೆಂಗಿನಕಾಯಿ ತರುವಷ್ಟರಲ್ಲಿ ಕಾಯಿಯ ಲಾಭ ಪೂರಾ ಅದಕ್ಕೇ," ಎಂದರು.

"ಆರ್‌ಸಿಯಲ್ಲಿ ಬರೆಸಲಿಲ್ಲವಾ?"

"ಯಾರು ಬರೆಸ್ತಾರೆ? ಯಾರು ಕೇಳ್ತಾರೆ? ನೀನೇ ಮೊದಲು ಕೇಳಿದ್ದು."

ದಯಾನಂದ ಅಚ್ಚಿನ ಕಾಗದವನ್ನು ಮಡಚಿ ಕಿಸೆಗೆ ಹಾಕಿದ. ಓಣಿಗೆ ಬಂದು ಜಯಶೀಲನಿಗೆ ಫೋನ್ ಮಾಡಿದ.

"ನೀನು ಬಾಯಿ ಮುಚ್ಚಿ ಕೂತ್ಕೊ ಮಾರಾಯ," ಅಂದ ಜಯಶೀಲ. "ಅವಳಿಗೆ ಗೊತ್ತಾದ್ರೆ ಗೊತ್ತಾಗ್ಲಿ. ಆರ್‌ಸಿ ನೋಡಿ ಬರೆದೆ ಅಂತ ಹೇಳು."

"ತಾಳೆ ನೋಡಿದ್ದೇನೆ ಅಂತ ಬರೆದಿದ್ದೇನಲ್ಲ."

"ನಿನ್ನನ್ನು ಕಟ್ಟಿಕೊಂಡು..." ಎಂದು ಜಯಶೀಲ ಫೋನ್ ಇಟ್ಟ.

ದಯಾನಂದ ಒಳಗೆ ಬಂದ. ಕೇಳಬಾರದ್ದನ್ನು ಕೇಳುವವನಂತೆ ಕೇಳಿದ: "ರಾಯರೇ, ಆ ಹಳೇ ಎಂಜಿನ್ ಯಾರಿಗೆ ಮಾರಿದಿರಿ?"

"ಮಾರುವುದೆಂತ?"

ಶ್ರೀಮತಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಗತೊಡಗಿದರು. "ಇವರು ಒಂದು ಮೊಳೆಯನ್ನಾದರೂ ಮಾರಿದ್ದುಂಟಾ? ಹಿಟ್ಟಿನ ಕೋಣೆಗೆ ಬಾ."

ಕೋಣೆಯ ನಡುವೆ ದೊಡ್ಡ ಗ್ರೈಂಡರು ಗಡಗಡ ತಿರುಗುತ್ತಿತ್ತು. ಹೊಸತರಲ್ಲಿ ಅದು ನೆಲದ ಮೇಲೆ ಕುಣಿಯುತ್ತ ಕುಣಿಯುತ್ತ ಬಾಗಿಲವರೆಗೆ ಹೋಗುತ್ತಿತ್ತಂತೆ. ಮೆಕ್ಯಾನಿಕನನ್ನು ಕರೆಸಿ, ತೆಗೆದಿಟ್ಟ ಎಂಜಿನ್ನಿನ ತಲೆ ಬಿಚ್ಚಿಸಿ, ಬುಡವನ್ನು ಸಿಮೆಂಟಿನಲ್ಲಿ ಹೂಳಿಸಿ, ಮೇಲೊಂದು ಸಾಗುವಾನಿ ಹಲಗೆ ಇಟ್ಟು, ಗ್ರೈಂಡರನ್ನು ಅದರ ಬೋಲ್ಟುಗಳಿಗೇ ಬಿಗಿಸಿದ್ದರು. ಮೂವತ್ತೇಳು ವರ್ಷ ಠಾಣೆಯವರು ತಿಂದ ದೋಸೆಗೆಲ್ಲ ಅಡಿಪಾಯ ಅಮೆರಿಕದ್ದು.

ದಯಾನಂದ ಒದ್ದೆ ನೆಲದಲ್ಲಿ ಅಂಗಾತ ಮಲಗಿದ. ಒಣಗಿ ಕಲ್ಲಾದ ಹಿಟ್ಟನ್ನು ಚಮಚದ ಹಿಡಿಯಿಂದ ಕೆತ್ತಿದ. ಗ್ರೈಂಡರಿನ ನಡುಕಕ್ಕೆ ಪೆನ್ಸಿಲ್ ಹಾರುತ್ತಿತ್ತು. ಆದರೂ ಕಾಗದದ ಮೇಲೆ ಮೊದಲು ಒಂದು ಪಿ ಬಂತು, ಆಮೇಲೆ ಎರಡು, ಆಮೇಲೆ ಐದು. ಉಳಿದ ಅಂಕಿಗಳನ್ನು ಆರ್‌ಸಿಯ ಪಕ್ಕ ಇಟ್ಟು ಒಂದೊಂದಾಗಿ ಬೆರಳಿಟ್ಟು ಓದಿದ. ಎಲ್ಲವೂ ಕೂಡಿದವು. ಆದರೆ ಇದರಿಂದ ತಾನು ಬರೆದದ್ದು ನಿಜವಾಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮರುದಿನ ಒಂಬತ್ತಕ್ಕೆ ಮಾನಸಿ ಬಂದಳು. ಮೂವತ್ತರ ಆಸುಪಾಸು, ಉಗುರಿನಲ್ಲಿ ಹೋಗದ ಕಪ್ಪು. ಅವಳು ಬಾನೆಟ್ಟಿಗೆ ಕೈ ಹಾಕುವ ಮೊದಲೇ ದಯಾನಂದ ತನ್ನ ತಡವರಿಸುವ ಮರಾಠಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ: ನೋಡದೆ ಬರೆದದ್ದು, ಡೀಸೆಲ್ಲು, ಎರಡೂ ಅಚ್ಚುಗಳು.

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದಿದ್ದೇನೆ ಕಾಕಾ," ಎಂದಳು ಅವಳು, ಮುಖ ಬಿಗಿದು. ಒಂದು ಕ್ಷಣ ತನ್ನ ಗಾಡಿಯ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಿ, "ಗ್ರೈಂಡರ್ ಅಡಿಯಲ್ಲಿ ಅಂದರೆ ಏನು?" ಎಂದಳು.

ಹಿಟ್ಟಿನ ಕೋಣೆಯಲ್ಲಿ ಅವಳೂ ಮಂಡಿಯೂರಿ ಟಾರ್ಚು ಹಾಕಿದಳು. ಹಲಗೆ ತೆಗೆದು ಸಿಲಿಂಡರು ನೋಡದೆ ಏನೂ ಹೇಳಲಾರೆ ಎಂದಳು. ರಾಯರು ಒಪ್ಪಲಿಲ್ಲ.

"ಅಕ್ಕಿ ಅರ್ಧ ಅರೆದಿದೆ. ಈಗ ನಿಲ್ಲಿಸಿದರೆ ನಾಳೆ ಗಿರಾಕಿಗೆ ದೋಸೆ ಬದಲು ನಿಮ್ಮ ಪ್ಲಿಮತ್ ಬಡಿಸಲಾ?"

ಕಾಯ್ದರು. ಮಾನಸಿ ಎರಡು ಮಸಾಲೆದೋಸೆ ತಿಂದಳು. ದಯಾನಂದ ನೀರನ್ನೂ ಕುಡಿಯಲಿಲ್ಲ. ಹಿಟ್ಟು ತೆಗೆದ ಮೇಲೆ ನಾಲ್ಕು ಜನ ಸೇರಿ ಗ್ರೈಂಡರು ಎತ್ತಿದರು. ಹಲಗೆ ಸರಿಸಿದಾಗ ಕೋಣೆಗೆಲ್ಲ ಕಮಟು ಕೊಬ್ಬರಿ ಎಣ್ಣೆಯ ವಾಸನೆ. ಅವಳು ಒಂದೊಂದು ಸಿಲಿಂಡರಿನೊಳಗೂ ಬೆರಳಾಡಿಸಿದಳು.

"ಎಣ್ಣೆ ಯಾರು ಹಾಕಿದ್ದು?"

"ಆಯುಧಪೂಜೆಗೆ ವರ್ಷಕ್ಕೊಂದು ಬಾಟ್ಲಿ," ಎಂದರು ಶ್ರೀಮತಿಯಮ್ಮ. "ಹಲಗೆಯ ತೂತಿನಿಂದ ಹೊಯ್ಯುವುದು. ಕುಂಕುಮವೂ ಹಾಕ್ತೇವೆ."

"ಐದು ಚೆನ್ನಾಗಿವೆ. ಆರನೆಯದಕ್ಕೆ ನೀರು ಇಳಿದಿದೆ. ಒಳಗೆ ಹೊಸ ಲೈನರ್ ಕೊಳವೆ ಕೂರಿಸಬಹುದು." ಅವಳು ಬೆರಳು ಒರೆಸಿಕೊಂಡು ದಯಾನಂದನನ್ನು ನೋಡಿದಳು. "ತೊಗೋತೇನೆ. ಆದರೆ ಆ ಜಾಹೀರಾತು ತಿದ್ದಿ. ಈಗಲೇ, ನನ್ನೆದುರಿಗೆ."

ಅವನು ಬಿಲ್ಲಿನ ಹಿಂಬದಿಯಲ್ಲಿ ಬರೆದು, ಮೂರು ಸಲ ಹೊಡೆದುಹಾಕಿ, ಕೊನೆಗೆ ಓದಿದ: ‘ಕಾರಿನಲ್ಲಿರುವುದು ಡೀಸೆಲ್ ಎಂಜಿನ್. ಮೂಲ ಎಂಜಿನ್ ಹೋಟೆಲಿನ ಗ್ರೈಂಡರಿನ ಅಡಿಯಲ್ಲಿದೆ, ನಂಬರ್ ತಾಳೆಯಾಗಿದೆ.’

"ಹೀಗೆ ಬರೆದಿದ್ದರೆ ಹೋದ ವಾರವೇ ಓಡಿ ಬರುತ್ತಿದ್ದೆ," ಎಂದಳು ಮಾನಸಿ.

"ಒಮ್ಮೆ ನಿಲ್ಲಿ," ರಾಯರು ಅಡ್ಡ ಬಂದರು. "ಇದನ್ನು ಒಯ್ದರೆ ನನ್ನ ಗ್ರೈಂಡರು? ಬರುವ ವಾರ ಟಿಟ್ವಾಳಾಕ್ಕೆ ಹೋಟೆಲು ಹೊರಡುತ್ತದೆ. ಅಲ್ಲಿ ಇದು ಮತ್ತೆ ಕುಣಿಯಬೇಕಾ? ನೀವು ಡೀಸೆಲ್ಲನ್ನು ಬಿಚ್ಚಿ ನನಗೆ ಕೊಟ್ಟು ಹೋಗಬೇಕು."

"ನನಗೆ ಅದು ಬೇಡವೇ ಬೇಡ ಆಜೋಬಾ," ಎಂದಳು ಮಾನಸಿ, ತನ್ನ ಅಜ್ಜನಿಗೆ ಹೇಳುವಂತೆ.

ರಾಯರು ಹೂವಿನ ದಾರ ಹಿಡಿದು ಗ್ಯಾರೇಜಿಗೆ ನಡೆದರು. ಡೀಸೆಲ್ ಎಂಜಿನ್ನಿನ ಉದ್ದ ಅಗಲ ಅಳೆಯತೊಡಗಿದರು. ಇನ್ನೊಂದು ತುದಿ ಹಿಡಿಯಲು ದಯಾನಂದನನ್ನು ಕರೆದರು.

"ನಾಲ್ಕು ಬೆರಳು ಗಿಡ್ಡ," ಎಂದು ಗೊಣಗಿದರು. "ಸಿಮೆಂಟು ಜಾಸ್ತಿ ಹಾಕಿಸಬೇಕು. ಬರೆದುಕೊ."

ದಯಾನಂದ ಬರೆದುಕೊಳ್ಳಲಿಲ್ಲ. ದಾರ ಬಿಗಿ ಹಿಡಿದು, ಇನ್ನೊಮ್ಮೆ ಅಳೆಯೋಣ ರಾಯರೇ, ಎಂದ.