ಪರಮೇಶಪ್ಪನವರ ಹೆಜ್ಜೆಯಳತೆ

ಶಿರಂಗಾಲದಲ್ಲಿ ಬಸ್ಸಿಳಿದವರು ಪರಮೇಶಪ್ಪನವರ ಮನೆ ಎಷ್ಟು ದೂರವೆಂದು ಅವರನ್ನೇ ಕೇಳಿದರೆ, ಹತ್ತಿರವೆಂದಾಗಲಿ ದೂರವೆಂದಾಗಲಿ ಅವರು ಹೇಳುವುದಿಲ್ಲ. ‘ಮುನ್ನೂರ ಹನ್ನೆರಡು ಹೆಜ್ಜೆ. ನನ್ನ ಹೆಜ್ಜೆ’ ಎನ್ನುತ್ತಾರೆ. ಆ ‘ನನ್ನ’ ಎಂಬುದರ ಮೇಲೆ ಬೀಳುವ ಒತ್ತು ಕಚೇರಿಯ ಮೊಹರು ಬಿದ್ದ ಹಾಗಿರುತ್ತದೆ. ಅವರ ಲೆಕ್ಕದಲ್ಲಿ ಅವರ ಒಂದು ಹೆಜ್ಜೆಗೆ ಎರಡೂವರೆ ಅಡಿ, ನಾಲ್ಕು ಹೆಜ್ಜೆಗೆ ಹತ್ತಡಿ. ರೊಬಸ್ಟಾ ಕಾಫಿಯ ಗಿಡದಿಂದ ಗಿಡಕ್ಕೆ ಬಿಡಬೇಕಾದ ಅಂತರವೂ ಅಷ್ಟೇ. ಪಾಲಿಬೆಟ್ಟದ ಬಳಿಯ ದೊಡ್ಡದೊಂದು ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ರೈಟರಾಗಿದ್ದವರು ಅವರು. ಬೆಳಗ್ಗೆ ಹಾಜರಿ ಕರೆದು, ಆಳುಗಳನ್ನು ಕೆಲಸಕ್ಕೆ ಹಂಚಿ, ಸಂಜೆಯವರೆಗೆ ಅವರ ಬೆನ್ನ ಹಿಂದೆ ನಿಲ್ಲುವುದು ರೈಟರ ಕೆಲಸ. ಆದರೆ ಪರಮೇಶಪ್ಪನವರಿಗೆ ಹೆಸರು ತಂದದ್ದು ಹಾಜರಿಯ ಪುಸ್ತಕವಲ್ಲ, ಕಾಲು. ಹೊಸ ಗಿಡ ನೆಡುವ ಜಾಗದಲ್ಲಿ ಬೇರೆ ರೈಟರುಗಳು ಗಂಟು ಹಾಕಿದ ಹಗ್ಗ ಎಳೆಯುತ್ತಿದ್ದರೆ ಇವರು ಪಂಚೆ ಎತ್ತಿ ಕಟ್ಟಿ ನಡೆದೇ ಗುಂಡಿಯ ಗುರುತು ಹಾಕಿಸುತ್ತಿದ್ದರು. ‘ಹಗ್ಗ ಮಳೆಗೆ ಕುಗ್ತದೆ, ಬಿಸಿಲಿಗೆ ಜಗ್ತದೆ. ಕಾಲು ಹಂಗಲ್ಲ. ಅಳತೆ ಅಂದ್ರೆ ಅಳತೆ’ ಎಂಬುದು ಅವರ ವಾದ. ಆ ಕೊನೆಯ ಮೂರು ಪದಗಳು ಅವರ ಮಾತಿನಲ್ಲಿ ಊಟದ ಕೊನೆಗೆ ಮಜ್ಜಿಗೆ ಬಂದ ಹಾಗೆ ತಪ್ಪದೆ ಬರುತ್ತವೆ.

ಅವರ ಕೋಟಿನದೂ ಒಂದು ಕಥೆ. ಎಸ್ಟೇಟಿನ ಹಿಂದಿನ ಮ್ಯಾನೇಜರೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟ ಬೂದು ಬಣ್ಣದ ಉಣ್ಣೆಯ ಕೋಟು ಅದು; ಆರಡಿ ಎತ್ತರದ ಆಸಾಮಿಗೆ ಹೊಲಿದದ್ದು ಐದೂಕಾಲು ಅಡಿಯ ಪರಮೇಶಪ್ಪನವರ ಮೇಲೆ ಬಂದಾಗ ತೋಳು ಬೆರಳನ್ನು ನುಂಗಿತು, ಅಂಚು ಮೊಣಕಾಲನ್ನು ಮುಟ್ಟಿತು. ಹೆಂಡತಿ ಚಲುವಮ್ಮ ಅದನ್ನು ದರ್ಜಿಗೆ ಕೊಟ್ಟು ಚಿಕ್ಕದು ಮಾಡಿಸುತ್ತೇನೆಂದು ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. ಕೋಟಿಗೆ ಅದರದೇ ಅಳತೆಯಿದೆಯಂತೆ, ಅದನ್ನು ಕತ್ತರಿಸುವ ಹಕ್ಕು ತೊಟ್ಟವನಿಗಿಲ್ಲವಂತೆ. ಹೀಗಾಗಿ ನಿವೃತ್ತರಾಗಿ ಆರು ವರ್ಷವಾದ ಮೇಲೂ, ಪಾಲಿಬೆಟ್ಟದ ಚಳಿ ಎಂದೂ ಕಾಣದ ಶಿರಂಗಾಲದ ಬಿಸಿಲಿನಲ್ಲಿ, ಮುಸುಕಿನ ಜೋಳದ ಹೊಲದ ಬದುವಿನ ಮೇಲೆ, ಬೇರೊಬ್ಬರ ಕೋಟಿನೊಳಗೆ ಬೆವರುತ್ತ, ತುಟಿಯಲ್ಲೇ ಎಣಿಸುತ್ತ ಅವರು ಹೋಗುತ್ತಿರುವುದನ್ನು ಊರು ದಿನವೂ ನೋಡುತ್ತದೆ.

ಅಳತೆಯ ಹುಚ್ಚು ಮನುಷ್ಯರನ್ನೂ ಬಿಡಲಿಲ್ಲ. ಪರಮೇಶಪ್ಪನವರ ಅಜ್ಜ ಹೊಳೆನರಸೀಪುರದ ಕಡೆಯಿಂದ ಜೋಡಿ ಎತ್ತು ಹೊಡೆದುಕೊಂಡು ಶಿರಂಗಾಲಕ್ಕೆ ಬಂದು ನೆಲೆ ನಿಂತವರು. ಸರಿಸುಮಾರು ಅದೇ ಕಾಲದಲ್ಲಿ, ಸೇಲಂ ಕಡೆಯಿಂದ ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಯೊಬ್ಬನ ಹಿಂದೆ ಗುಂಪಾಗಿ ಬಂದವರು ಪಾಲಿಬೆಟ್ಟದ ಎಸ್ಟೇಟಿನ ಲೈನುಗಳಲ್ಲಿ, ಸಾಲಾಗಿ ಕಟ್ಟಿದ ಆ ಒಂದೂವರೆ ಕೋಣೆಯ ಮನೆಗಳಲ್ಲಿ, ಬಿಡಾರ ಹೂಡಿದರು. ಪರಮೇಶಪ್ಪನವರು ಹುಟ್ಟಿದ್ದು ಮೊದಲನೆಯ ವಲಸೆಯವರಲ್ಲಿ, ಬಾಳಿದ್ದು ಎರಡನೆಯ ವಲಸೆಯವರ ನಡುವೆ. ಹೀಗಾಗಿ ಎರಡನ್ನೂ ಎದುರುಬದುರು ನಿಲ್ಲಿಸಿ ಹೋಲಿಸುವ ಅಧಿಕಾರ ತಮಗೊಬ್ಬರಿಗೇ ಇದೆಯೆಂದು ಅವರ ನಂಬಿಕೆ. ಹೋಟೆಲಿನ ಬೆಂಚಿನ ಮೇಲೆ ಕೂತರೆ ಶುರುವಾಗುತ್ತಿತ್ತು: ‘ನಮ್ಮಜ್ಜ ಬಂದಾಗ್ಲೂ ಕೈ ಬರಿದು, ಲೈನಿನೋರ ಅಜ್ಜಂದಿರು ಬಂದಾಗ್ಲೂ ಕೈ ಬರಿದು. ಇವತ್ತು ನಮಗೆ ಗದ್ದೆ ಐತೆ, ಹೆಂಚಿನ ಮನೆ ಐತೆ, ಮನೆಗೊಬ್ಬ ಮೇಷ್ಟ್ರೋ ನರ್ಸೋ ಅವ್ರೆ. ಅವ್ರು ಇನ್ನೂ ಅದೇ ಲೈನು. ಯಾಕೆ? ದುಡಿಮೆ ಸ್ವಾಮಿ, ದುಡಿಮೆ. ಅಳತೆ ಅಂದ್ರೆ ಅಳತೆ.’

ಈ ಹೋಲಿಕೆಯಲ್ಲಿ ಬಿಟ್ಟುಹೋದದ್ದು ಬೇಕಾದಷ್ಟಿತ್ತು. ಎತ್ತಿನೊಂದಿಗೆ ಬಂದವರು ಬೆಳೆದದ್ದರಲ್ಲಿ ಉಳಿದದ್ದು ಅವರದೇ ಆಗುತ್ತಿತ್ತು, ಅದರಲ್ಲಿ ಮುಂದಿನ ವರ್ಷ ಇನ್ನೊಂದು ತುಂಡು ನೆಲ ಬರುತ್ತಿತ್ತು; ಮೇಸ್ತ್ರಿಯೊಂದಿಗೆ ಬಂದವರು ನೆಟ್ಟ ಗಿಡ ಮೂವತ್ತು ವರ್ಷ ಫಲ ಕೊಟ್ಟರೂ ಅದರ ನೆರಳೂ ಅವರದಲ್ಲ. ಒಬ್ಬರ ಮಕ್ಕಳು ಮನೆಮಾತಿನಲ್ಲೇ ಶಾಲೆ ಕಲಿತರು. ಇನ್ನೊಬ್ಬರ ಮಕ್ಕಳು ಶಾಲೆಯ ಮಾತು ನಾಲಿಗೆಗೆ ಹತ್ತುವಷ್ಟರಲ್ಲಿ ಕಾಫಿ ಪಿಕ್ಕಿಂಗಿನ ಚೀಲ ಹೆಗಲಿಗೆ ಹಾಕಿಕೊಂಡರು. ಒಂದು ಕಡೆ ಪಂಚಾಯಿತಿಯ ಮೆಂಬರು, ಸೊಸೈಟಿಯ ಡೈರೆಕ್ಟರು. ಇನ್ನೊಂದು ಕಡೆ ವಾರದ ಸಂತೆಯ ದಿನದ ಅರ್ಧ ರಜೆ. ಇದೆಲ್ಲ ಪರಮೇಶಪ್ಪನವರಿಗೆ ಗೊತ್ತಿಲ್ಲವೆಂದಲ್ಲ. ಕಣ್ಣೆದುರಿನದನ್ನು ಅವರು ಹೆಜ್ಜೆಯಲ್ಲಿ ಅಳೆದಿರಲಿಲ್ಲ, ಅಷ್ಟೇ.

ಲೈನಿನವರಲ್ಲಿ ಅವರಿಗೆ ಅತ್ಯಂತ ಹತ್ತಿರದವನು ಚಿನ್ನ. ಗೂಟ ಹೊಡೆಯುವವನು. ರೈಟರು ನಾಲ್ಕು ಹೆಜ್ಜೆ ಹಾಕಿ, ಹಿಮ್ಮಡಿಯಿಂದ ನೆಲ ಕುಟ್ಟಿ, ‘ಹೂಂ’ ಎಂದು ಪಕ್ಕಕ್ಕೆ ಸರಿದು ಪುಸ್ತಕದಲ್ಲಿ ಗೀಟು ಎಳೆಯುವಷ್ಟರಲ್ಲಿ ಹಿಂದಿನಿಂದ ಚಿನ್ನ ಗೂಟ ಹೊಡೆದಿರುತ್ತಿದ್ದ. ಆ ಗೂಟಕ್ಕೆ ಹಿಮ್ಮಡಿ ತಾಗಿಸಿ ರೈಟರು ಮತ್ತೆ ಹೊರಡುತ್ತಿದ್ದರು. ಇಬ್ಬರೂ ಹೀಗೆ ನಡೆದು ಗುರುತು ಹಾಕಿದ ಇಳಿಜಾರುಗಳಲ್ಲಿ ಇಂದು ಕಾಫಿಗಿಡಗಳು ಯಾವ ಮೂಲೆಯಿಂದ ನೋಡಿದರೂ ಗೆರೆ ಎಳೆದಂತೆ ನಿಂತಿವೆ. ‘ಪರಮೇಶಪ್ಪನ ಸಾಲು’ ಎಂದು ಅಕ್ಕಪಕ್ಕದ ಎಸ್ಟೇಟಿನವರು ಬಂದು ನೋಡಿ ಹೋಗುತ್ತಿದ್ದರು. ಚಿನ್ನನ ಸಾಲು ಎಂದು ಯಾರೂ ಅನ್ನಲಿಲ್ಲ, ಚಿನ್ನನಿಗೂ ಹಾಗೆ ಅನ್ನಿಸಿಕೊಳ್ಳಬೇಕೆಂದು ತೋರಿದ ಹಾಗಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಮೋರಿಯೊಂದನ್ನು ದಾಟುವಾಗ ಜಾರಿ ಪರಮೇಶಪ್ಪನವರ ಎಡ ಮೊಣಕಾಲಿಗೆ ಪೆಟ್ಟಾಯಿತು. ಅದಕ್ಕೆ ಮೊದಲೊಮ್ಮೆ ಜ್ವರಕ್ಕೆಂದು ಆಸ್ಪತ್ರೆಗೆ ಹೋದಾಗ, ಅಷ್ಟು ಸುಸ್ತಿನಲ್ಲೂ ಗೇಟಿನಿಂದ ಡಾಕ್ಟರ ಕೋಣೆಯವರೆಗೆ ನಲವತ್ತೈದು ಹೆಜ್ಜೆ ಎಣಿಸಿದ್ದರು. ಮೊಣಕಾಲಿನ ಆಪರೇಷನ್ ಅಲ್ಲೇ ಆಗಿ, ಮೂರು ತಿಂಗಳ ನಂತರ ತೋರಿಸಲು ಹೋದಾಗ ಐವತ್ತಾಯಿತು. ಎರಡು ಸಲ ಹಿಂದೆ ಹೋಗಿ ಎಣಿಸಿದರು. ಕೊನೆಗೆ ಡಾಕ್ಟರನ್ನೇ ಕೇಳಿದರು: ‘ಸಾರ್, ಗೇಟು ಹಿಂದಕ್ಕೆ ಹಾಕ್ಸಿದ್ರಾ?’ ಇದನ್ನು ಚಲುವಮ್ಮ ಇಂದಿಗೂ ನೆಂಟರಿಷ್ಟರ ಮುಂದೆ ಹೇಳಿ ನಗುತ್ತಾರೆ. ನಗದೆ ಕೂರುವವರು ಪರಮೇಶಪ್ಪನವರೊಬ್ಬರೇ. ಗೇಟು ಸರಿದಿದೆಯೆಂಬ ಅನುಮಾನ ಅವರಿಗೆ ಬಹುಕಾಲ ಪೂರ್ತಿ ಹೋಗಿರಲಿಲ್ಲ.

ಅವರ ಬೀಳ್ಕೊಡುಗೆ ಎಸ್ಟೇಟಿನ ಕಾಫಿ ಒಣಗಿಸುವ ಕಣದಲ್ಲಿ ನಡೆಯಿತು. ಹಾರ ಬಿದ್ದಿತ್ತು, ಎದುರಿಗೆ ಲೈನಿನವರೆಲ್ಲ ಕೂತಿದ್ದರು. ಆ ಉಬ್ಬರದಲ್ಲಿ ಅವರು ಒಂದು ಮಾತು ಆಡಿದರು: ‘ಚಿನ್ನಾ, ನಿನ್ ಕೆಲ್ಸ ಮುಗ್ದ ದಿವ್ಸ ಸೀದಾ ಶಿರಂಗಾಲಕ್ಕೆ ಬಾ. ನಮ್ಮೂರಲ್ಲಿ ಜಾಗಕ್ಕೇನು ಬರ?’ ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಸಭೆಗಳಲ್ಲಿ ಆಡಿದ ಮಾತು ಹಾರದ ಹೂವಿನ ಜೊತೆಗೇ ಒಣಗುವುದು ವಾಡಿಕೆ. ಚಿನ್ನ ಅದನ್ನು ಒಣಗಲು ಬಿಟ್ಟಿರಲಿಲ್ಲ.

ಹೋದ ಮಾಘದಲ್ಲಿ ಚಿನ್ನನಿಗೆ ಅರವತ್ತು ತುಂಬಿ ಕೆಲಸ ಮುಗಿಯಿತು. ಮನೆಯಿಂದ ಒಬ್ಬರಾದರೂ ಬೆಳಗಿನ ಹಾಜರಿಗೆ ನಿಂತರೆ ಮಾತ್ರ ಲೈನಿನ ಮನೆ. ಹೆಂಡತಿ ಪಾಪಳಿಗೆ ಸೊಂಟನೋವು, ಒಬ್ಬಳೇ ಮಗಳು ಮದುವೆಯಾಗಿ ಬೇರೆ ಕಡೆಯಿದ್ದಾಳೆ. ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕು, ಅಸ್ಸಾಮಿನಿಂದ ಬಂದ ಹೊಸ ಕುಟುಂಬವೊಂದು ಅಲ್ಲಿಗೆ ಬರುತ್ತದೆ. ತಾನು ಹುಟ್ಟಿದ ಮನೆಯ ಬಾಗಿಲಲ್ಲಿ ಹೀಗೆ ಗಡುವು ನಿಂತಾಗ ಚಿನ್ನ ಬಸ್ಸು ಹತ್ತಿ, ನೆಲ್ಯಹುದಿಕೇರಿಯ ಮೇಲೆ ಹಾದು, ಕುಶಾಲನಗರದಲ್ಲಿ ಬಸ್ಸು ಬದಲಿಸಿ ಶಿರಂಗಾಲಕ್ಕೆ ಬಂದ. ಕೈಯಲ್ಲಿ ಒಂದು ಕಿತ್ತಳೆಯ ಚೀಲವಿತ್ತು. ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದ. ಹಳೆಯ ಮಾತನ್ನು ಎತ್ತಲೇ ಇಲ್ಲ. ಹೊರಡುವಾಗ ಮಾತ್ರ, ‘ಇಪ್ಪತ್ತೆಂಟಕ್ಕೆ ಲೈನ್ ಬಿಡ್ಬೇಕು ರೈಟ್ರೇ’ ಎಂದ.

ಮೂರು ದಿನ ಪರಮೇಶಪ್ಪನವರು ಜಗಲಿಯಲ್ಲೇ ಅತ್ತಿಂದಿತ್ತ ಹೆಜ್ಜೆ ಎಣಿಸಿದರು. ಊರೊಳಗೆ ರಸ್ತೆಯ ಪಕ್ಕ ಅವರ ಪಾಲಿಗೆ ಬಂದ ಹಳೆಯ ಕೊಟ್ಟಿಗೆಯ ಜಾಗವೊಂದಿತ್ತು, ಮನೆ ಕಟ್ಟಲು ಬರುವಂಥದ್ದು. ಕೊಡಬಹುದಾದದ್ದು ಅದೊಂದೇ. ತಮ್ಮ ಕೃಷ್ಣಪ್ಪ ಅದರ ವಾಸನೆ ಹಿಡಿದು ಓಡಿ ಬಂದ. ‘ಅಣ್ಣ, ಹೊರಗಿನೋರಿಗೆ ಊರ್ ನಡುವೆ ಜಾಗ ಕೊಡೋದಾ? ಇವತ್ತು ಒಬ್ಬ ಬತ್ತಾನೆ, ನಾಳೆ ಲೈನಿಗೆ ಲೈನೇ ಬಂದು ಕೂತ್ಕತದೆ.’ ಇಷ್ಟು ವರ್ಷ ತಾವೇ ಹೋಟೆಲಿನಲ್ಲಿ ಆಡಿದ ಮಾತಿಗೆ ಕೃಷ್ಣಪ್ಪ ಬಾಲ ಕಟ್ಟಿದ್ದಾನೆಂದು ಪರಮೇಶಪ್ಪನವರಿಗೆ ತಿಳಿಯಿತು. ಉತ್ತರ ಒಳಗಿನಿಂದ ಬಂತು. ಚಲುವಮ್ಮ ಮೊರ ಕೆಳಗಿಟ್ಟು ಹೊಸಿಲಿಗೆ ಬಂದು ಕೇಳಿದರು: ‘ಅಲ್ಲ ಕೃಷ್ಣಪ್ಪ, ಆ ಕೊಟ್ಟಿಗೆ ಜಾಗ ನಿಮ್ಮಜ್ಜಂಗೆ ಎಲ್ಲಿಂದ ಬಂತು? ಮಾವನೋರು ಹೇಳ್ತಿದ್ದದ್ದು ಮರ್ತೋಯ್ತಾ? ಮೊದ್ಲ ಮಳೇಲಿ ಎತ್ತು ನೆನೀತಾ ನಿಂತಿದ್ವಂತೆ, ಈ ಊರಿನ ಪದ್ಮಯ್ಯ ಅನ್ನೋರು ಕರ್ದು, ಎತ್ತು ಕಟ್ಕೊಳೋ ಅಂದ್ರಂತೆ. ಅಳ್ತೆನೂ ಹಾಕ್ಲಿಲ್ವಂತೆ.’

ಪರಮೇಶಪ್ಪನವರು ಈ ಕಥೆಯನ್ನು ಬಾಲ್ಯದಲ್ಲಿ ನೂರು ಸಲ ಕೇಳಿದ್ದರು. ನೂರು ಸಲವೂ ಅದನ್ನು ಎತ್ತಿನ ಕಥೆಯೆಂದೇ ಕೇಳಿದ್ದರು. ಮರುದಿನ ಪಾಲಿಬೆಟ್ಟಕ್ಕೆ ಫೋನು ಹೋಯಿತು.

ಅಳೆಯುವ ದಿನ ಚಿನ್ನನೂ ಪಾಪಳೂ ಬಂದರು. ಮೂವತ್ತಕ್ಕೆ ನಲವತ್ತರ ನಿವೇಶನ. ಹನ್ನೆರಡು ಹೆಜ್ಜೆ ಅಗಲ, ಹದಿನಾರು ಹೆಜ್ಜೆ ಉದ್ದ. ಕೋಟು ತೊಟ್ಟು, ಪಂಚೆ ಎತ್ತಿ ಕಟ್ಟಿ, ಆರು ವರ್ಷದ ನಂತರ ಪರಮೇಶಪ್ಪನವರು ಮುಂದೆ ನಡೆದರು. ಕಂಕುಳಲ್ಲಿ ಗೂಟ ಹಿಡಿದು ಚಿನ್ನ ಹಿಂದೆ ನಡೆದ. ಹಿಮ್ಮಡಿ ಕುಟ್ಟಿದ್ದು, ‘ಹೂಂ’ ಎಂದದ್ದು, ಪಕ್ಕಕ್ಕೆ ಸರಿದದ್ದು ಎಲ್ಲವೂ ಹಿಂದಿನಂತೆಯೇ. ನಾಲ್ಕು ಮೂಲೆಗೂ ಗೂಟ ಬಿತ್ತು. ಆಗ ಕೃಷ್ಣಪ್ಪ ಗಾರೆಯವರ ಟೇಪು ಹಿಡಿದು ಬಂದ. ಅಣ್ಣ ಧಾರಾಳದಲ್ಲಿ ಒಂದಿಂಚು ಹೆಚ್ಚು ಕೊಟ್ಟುಬಿಟ್ಟಾನೆಂಬ ಭಯ ಅವನದು. ಅಳೆದು ನೋಡಿದ, ಮತ್ತೆ ಅಳೆದ. ಮುಖ ಅರಳಿತು.

‘ಇಪ್ಪತ್ತೇಳು, ಮೂವತ್ತಾರು. ಇರ್ಲಿ ಬಿಡಣ್ಣ, ಕಮ್ಮಿನೇ ಐತೆ.’

ಪರಮೇಶಪ್ಪನವರು ಟೇಪನ್ನು ಕಿತ್ತುಕೊಂಡು ತಾವೇ ನೋಡಿದರು. ‘ಟೇಪು ಸರಿಯಿಲ್ಲ. ಮೂವತ್ತೆಂಟು ವರ್ಷ ನನ್ ಸಾಲು ಒಂದಿಂಚು ತಪ್ಪಿಲ್ಲ. ಕೇಳು ಚಿನ್ನನ್ನ.’

ಚಿನ್ನ ನೆಲ ನೋಡುತ್ತಿದ್ದ. ಬೇಲಿಯ ಪಕ್ಕದ ಕಲ್ಲಿನ ಮೇಲೆ ಸೊಂಟ ಹಿಡಿದು ಕೂತಿದ್ದ ಪಾಪಳಿಗೆ ತಡೆಯಲಾಗಲಿಲ್ಲ. ‘ಹೇಳ್ರೀ. ಹೇಳಲ್ವಾ? ನಾನೇ ಹೇಳ್ತೀನಿ ರೈಟರಯ್ಯಾ. ನಿಮ್ ಕಾಲಿಗೆ ಪೆಟ್ಟು ಬಿದ್ದ ಮೇಲೆ ಹೆಜ್ಜೆ ಚಿಕ್ದಾಯ್ತು. ಒಂಬತ್ತು ವರ್ಷ ಇವ್ರು ಗೂಟ ಒಂದೊಂದಡಿ ಮುಂದಕ್ಕೆ ಹೊಡ್ದಿದ್ದಾರೆ. ಸಾಹೇಬ್ರಿಗೆ ಗೊತ್ತಾದ್ರೆ ನಿಮ್ ಹೆಸ್ರು ಹೋಗತ್ತೆ, ಯಾರ್ ಹತ್ರಾನೂ ಹೇಳ್ಬೇಡ ಅಂತ ನಂಗೆ ಆಣೆ ಬೇರೆ.’

ಆಸ್ಪತ್ರೆಯ ಗೇಟು ಹಿಂದಕ್ಕೆ ಸರಿದಿರಲಿಲ್ಲವೆಂಬುದು ಪರಮೇಶಪ್ಪನವರಿಗೆ ಅರ್ಥವಾದದ್ದು ಆಗಲೇ ಇರಬೇಕು. ಅವರು ಚಿನ್ನನ ಕಡೆ ತಿರುಗಿ ಕೇಳಿದರು: ‘ಮತ್ತೆ ಇವತ್ತು ಯಾಕೋ ಮುಂದಕ್ಕೆ ಹೊಡೀಲಿಲ್ಲ?’

‘ಅದು ತೋಟದ್ದು ರೈಟ್ರೇ’ ಎಂದ ಚಿನ್ನ. ‘ಇದು ನಂಗೆ ಬರೋದು. ನಂಗೆ ಬರೋದನ್ನ ನಾನೇ ಹೆಂಗೆ ಉದ್ದ ಮಾಡ್ಕೊಳ್ಳಿ?’

ಪರಮೇಶಪ್ಪನವರಿಗೆ ನಾಚಿಕೆಯಾಯಿತು. ಹೋಟೆಲಿನ ಬೆಂಚಿನ ಮೇಲೆ ಕೂತು ‘ದುಡಿಮೆ ಸ್ವಾಮಿ, ದುಡಿಮೆ’ ಎಂದ ಅಷ್ಟೂ ಸಂಜೆಗಳು ನೆನಪಾಗಿ, ಅರವತ್ತಾರರ ಆ ಮನುಷ್ಯನ ಕಿವಿ ಕೆಂಪಗಾದದ್ದನ್ನು ಅಲ್ಲಿದ್ದವರೆಲ್ಲ ಕಂಡರು. ಅವರು ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿದರು. ಬಾಗಿ, ಒಂದು ಗೂಟವನ್ನು ಉಳಿಸಿ ಉಳಿದ ಮೂರನ್ನೂ ಅಲ್ಲಾಡಿಸಿ ಕಿತ್ತರು. ಟೇಪಿನ ತುದಿಯನ್ನು ಚಿನ್ನನ ಕೈಗೆ ಕೊಟ್ಟು, ‘ನೀನು ಹಿಡ್ಕೊ. ಇವತ್ತು ಗೂಟ ನಾನು ಹೊಡೀತೀನಿ’ ಎಂದರು. ಮೂವತ್ತಡಿಯ ಗೆರೆಯಲ್ಲಿ ಟೇಪನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಗೂಟವನ್ನು ಅದಕ್ಕಿಂತ ಒಂದಡಿ ಮುಂದೆ ಇಟ್ಟು ಸುತ್ತಿಗೆ ಎತ್ತಿದರು. ನಲವತ್ತರ ಕಡೆಗೂ ಹಾಗೆಯೇ ಮಾಡಿದರು. ‘ಅಣ್ಣ, ಅಳತೆ!’ ಎಂದು ಕೃಷ್ಣಪ್ಪ ಕೂಗಿದ. ಜೀವಮಾನದಲ್ಲಿ ಮೊದಲ ಸಲ ಆ ಪದಕ್ಕೆ ಅವರು ಉತ್ತರ ಕೊಡಲಿಲ್ಲ.

ಊರಿಂದೂರಿಗೆ ಬಂದು ಬೇರು ಬಿಟ್ಟವರಲ್ಲಿ ಪರಮೇಶಪ್ಪನವರಂಥವರು ಬಹಳ ಮಂದಿ ಇದ್ದಾರೆ, ನನ್ನ ಮನೆಯವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಒಳ್ಳೆಯವರು, ದುಡಿದವರು, ಸುಳ್ಳು ಹೇಳುವ ಜಾಯಮಾನದವರಲ್ಲ. ತಾವು ಕ್ರಮಿಸಿದ ದೂರವನ್ನು ತಮ್ಮ ಹೆಜ್ಜೆಯಲ್ಲೇ ಎಣಿಸಿ, ತಮ್ಮಷ್ಟು ದೂರ ಬಾರದವರನ್ನು ಹೋಟೆಲಿನ ಬೆಂಚಿನಿಂದ ಅಳೆಯುತ್ತಾರೆ. ಪದ್ಮಯ್ಯನೊಬ್ಬ ಮೊದಲ ಮಳೆಯಲ್ಲಿ ಕರೆದದ್ದಾಗಲಿ, ಚಿನ್ನನೊಬ್ಬ ಹಿಂದಿನಿಂದ ಗೂಟ ಸರಿಪಡಿಸಿದ್ದಾಗಲಿ ಆ ಎಣಿಕೆಯಲ್ಲಿ ಸೇರುವುದಿಲ್ಲ, ಏಕೆಂದರೆ ಮುಂದೆ ನಡೆಯುವವರಿಗೆ ಹಿಂದಿನದು ಕಾಣುವುದಿಲ್ಲ. ಅವರಲ್ಲಿ ಹೆಚ್ಚಿನವರು ತಮ್ಮ ಸಾಲು ನೇರವಿತ್ತೆಂದೇ ನಂಬಿ ಕಣ್ಣು ಮುಚ್ಚುತ್ತಾರೆ. ಎಲ್ಲೋ ಒಬ್ಬರಿಗೆ, ಅದೂ ವಯಸ್ಸಾದ ಮೇಲೆ, ತಿರುಗಿ ನಿಂತು ಸುತ್ತಿಗೆ ಹಿಡಿಯುವ ಭಾಗ್ಯ ಸಿಗುತ್ತದೆ.