ಕಾರ್ಡು ಕಂಡರೆ ಕೆಡುವ ಯಂತ್ರ

ಬಲಗೈ ಭುಜದಿಂದ ಮೇಲೆ ಏಳಲಾರೆನೆಂದು ಮುಷ್ಕರ ಹೂಡಿದ ಬೆಳಿಗ್ಗೆ, ಟೈಲರ್ ಮಾವ ಎಡಗೈಯಲ್ಲೇ ತಲೆ ಬಾಚಿಕೊಂಡು ಬೈತಲೆಯನ್ನು ತಪ್ಪು ಕಡೆಗೆ ತೆಗೆದಿದ್ದರು. ಹಾಗೇ ಅಂಗಡಿಗೆ ಹೊರಟವರನ್ನು ಹೆಂಡತಿ ಬಾಗಿಲಲ್ಲೇ ತಡೆದು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಈ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಬೀದಿಗೆಲ್ಲ ಅವರು ಆಪರೇಟರ್ ಅತ್ತೆ. ಎದುರಿಗೆ ಕೂತು ಮಾತಾಡಿದರೆ ಸಾಧಾರಣ ಗಂಟಲು. ರಿಸೀವರ್ ಕೈಗೆ ಬಂದರೆ ಸಾಕು, ಜೇನಿನಲ್ಲಿ ಅದ್ದಿ ತೆಗೆದ ದನಿ.

ಆಸ್ಪತ್ರೆಯ ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ, ಮಾವನ ಕಣ್ಣಲ್ಲಿ ನೀರು ಬಂದ ಮೇಲೆ ಬಿಟ್ಟು, ಎಂಆರ್‌ಐ ಮಾಡಿಸಿ ಎಂದರು. ಯಂತ್ರ ಅಲ್ಲಿರಲಿಲ್ಲ. ಸರ್ಕಾರಿ ವಿಮೆಯ ಕಾರ್ಡಿದ್ದರೆ ಹೊರಗೂ ಖರ್ಚಿಲ್ಲ, ಕಾರ್ಡು ಒಪ್ಪುವ ರೇಡಿಯಾಲಜಿಸ್ಟ್‌ರನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು ಎಂದರು. ಹೇಳುವಾಗ ಅವರ ತುಟಿಯಂಚಿನಲ್ಲಿ ಸಣ್ಣ ನಗುವಿತ್ತು. ಆ ನಗುವಿನ ಅರ್ಥ ಅತ್ತೆಗೆ ಮನೆಗೆ ಬಂದು ಫೋನು ಹಿಡಿದ ಮೇಲೆ ತಿಳಿಯಿತು.

ಮೊದಲ ಸ್ಕ್ಯಾನ್ ಸೆಂಟರಿನಲ್ಲಿ ಕಾರ್ಡು ಎಂದೊಡನೆ ಡಾಕ್ಟರು ರಜೆಯ ಮೇಲೆ ಹೋದರು. ಇನ್ನೊಂದರಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ಮನೆಗೆ ಹತ್ತಿರದ್ದೇ ಆದ ಮತ್ತೊಂದರಲ್ಲಿ, ಯಂತ್ರವೇ ಕೆಟ್ಟಿದೆ, ಯಾವಾಗ ಸರಿಯಾಗುತ್ತದೋ ಹೇಳಲಾಗದು ಎಂದು ಕೌಂಟರಿನ ಹುಡುಗಿ ತುಂಬ ವಿನಯದಿಂದ ಹೇಳಿದಳು. ಮಾವ, ಹೋಗಲಿ ಬಿಡು, ಎಡಗೈಯಲ್ಲೇ ಕತ್ತರಿ ಹಿಡಿಯುವುದನ್ನು ಕಲಿಯುತ್ತೇನೆ ಎಂದರು.

ಅತ್ತೆ ಒಂದು ಲೋಟ ನೀರು ಕುಡಿದು, ದನಿಗೆ ಸ್ವಲ್ಪ ಮೂಗು ಬೆರೆಸಿ, ಬಂಗಲೆಯ ಯಜಮಾನಿಯಂತೆ ಅವೇ ನಂಬರುಗಳಿಗೆ ಮತ್ತೆ ಫೋನು ಮಾಡಿದರು. ಈ ಸಲ ಕಾರ್ಡಿನ ಸುದ್ದಿ ಎತ್ತಲಿಲ್ಲ. ರಜೆಗೆ ಹೋದ ಡಾಕ್ಟರು ವಾಪಸ್ ಬಂದಿದ್ದರು. ಕಂಪ್ಯೂಟರಿಗೆ ಜೀವ ಬಂದಿತ್ತು. ಕೆಟ್ಟ ಯಂತ್ರವಂತೂ ಎಷ್ಟು ಸೊಗಸಾಗಿತ್ತೆಂದರೆ, ಈಗಲೇ ಬಂದರೂ ಮಾಡಿಕೊಡುತ್ತೇವೆ ಎಂದಳು ಅದೇ ಹುಡುಗಿ.

"ರೀ, ಶರ್ಟ್ ಹಾಕ್ಕೊಳ್ಳಿ. ಹೋಗೋಣ," ಎಂದರು ಅತ್ತೆ.

ಆ ಹತ್ತಿರದ ಸೆಂಟರಿನ ಗಾಜಿನ ಬಾಗಿಲ ಮೇಲೆ, ಸರ್ಕಾರಿ ವಿಮೆಯ ಕಾರ್ಡು ಇಲ್ಲಿ ನಡೆಯುತ್ತದೆ ಎಂಬ ಚೀಟಿ ಅಂಟಿಸಿತ್ತು. ಅದರ ಮುಂದೆ ಎತ್ತರದ ಹೂಕುಂಡವೊಂದನ್ನು ಇಟ್ಟಿದ್ದರು. ಅತ್ತೆ ಎಲೆ ಸರಿಸಿ ಚೀಟಿ ಓದಿಕೊಂಡೇ ಒಳಗೆ ಹೋದರು. ಕಾರ್ಡು ನೋಡಿದೊಡನೆ ಹುಡುಗಿ, ಯಂತ್ರ ಕೆಟ್ಟಿದೆಯೆಂದು ಫೋನಿನ ಮೊದಲ ಪಾಠವನ್ನೇ ಒಪ್ಪಿಸಿದಳು. ಅತ್ತೆ ವಾದಿಸಲಿಲ್ಲ. ಅಯ್ಯೋ ಪಾಪ ಎಂದು ಬೆಂಚಿನಲ್ಲಿ ಕೂತು, ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಆಮೇಲೆ ಬಾಗಿಲು ತೆರೆದು ಬಂದವರಿಗೆಲ್ಲ ಅತ್ತೆ ತಮ್ಮ ಜೇನಿನ ದನಿಯಲ್ಲಿ ಒಂದೇ ಮಾತು ಹೇಳಿದರು. ಮಷೀನು ಕೆಟ್ಟಿದೆಯಂತೆ, ಒಂದು ಸಲ ವಿಚಾರಿಸಿಕೊಳ್ಳಿ ಪಾಪ. ಸೊಂಟ ಹಿಡಿದುಕೊಂಡು ಬಂದಿದ್ದ ಬಸ್ ಡ್ರೈವರು ಕೌಂಟರಿಗೆ ಹೋಗಿ ಕೇಳಿದ. ತಾಯಿಯನ್ನು ಕರೆತಂದಿದ್ದ ಟೀಚರಮ್ಮ ಕೇಳಿದರು. ಇಲ್ಲ ಇಲ್ಲ, ಚೆನ್ನಾಗಿದೆ ಎಂದು ಹುಡುಗಿ ಪ್ರತಿಯೊಬ್ಬರಿಗೂ ಹೇಳಿದಳು. ಹಾಗೆ ಹೇಳಿದಾಗಲೆಲ್ಲ ಅತ್ತೆ ಎದ್ದು, ಸರಿಹೋಯ್ತಾ, ಒಳ್ಳೇದಾಯ್ತು, ಹಾಗಾದ್ರೆ ನಮ್ಮದೂ ಬರ್ಕೊಳ್ಳಮ್ಮ ಎಂದು ಕಾರ್ಡು ನೀಡುತ್ತಿದ್ದರು. ಮತ್ತೆ ಯಂತ್ರ ಕೆಡುತ್ತಿತ್ತು. ಮಾವ ಗೋಡೆಯ ಗಡಿಯಾರವನ್ನೇ ನೋಡುತ್ತ, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಎನ್ನುವ ಮುಖ ಮಾಡಿಕೊಂಡು ಕೂತಿದ್ದರು.

ಕೊನೆಗೆ ಡ್ರೈವರು ಗಟ್ಟಿಯಾಗಿಯೇ ಜಗಳಕ್ಕೆ ನಿಂತ. ಅರ್ಧ ಕೆಟ್ಟ ಮಷೀನಿನೊಳಗೆ ತನ್ನನ್ನು ತೂರಿಸುವ ಯೋಚನೆಯೇ ಎಂದು ಅವನ ಪ್ರಶ್ನೆ. ಗದ್ದಲಕ್ಕೆ ಒಳಗಿನ ಕತ್ತಲೆ ಕೋಣೆಯ ಬಾಗಿಲು ತೆರೆಯಿತು. ಸ್ವೆಟರ್ ತೊಟ್ಟ ಹೆಂಗಸೊಬ್ಬರು ಬೆಳಕಿಗೆ ಕಣ್ಣು ಕಿರಿದುಮಾಡಿಕೊಂಡು ಹೊರಗೆ ಬಂದರು. ಅವರೇ ರೇಡಿಯಾಲಜಿಸ್ಟ್.

"ನನ್ನ ಮಷೀನು ಕೆಟ್ಟಿದೆ ಅಂದೋರು ಯಾರು?"

"ನಿಮ್ಮ ಕೌಂಟರ್‌ನೋರೇ ಡಾಕ್ಟ್ರೇ," ಎಂದರು ಅತ್ತೆ. "ಕಾರ್ಡು ತೋರಿಸಿದ್ರೆ ಕೆಡುತ್ತೆ, ಒಳಗಿಟ್ರೆ ಸರಿಹೋಗುತ್ತೆ. ಒಳ್ಳೇ ಸೂಕ್ಷ್ಮ ಮಷೀನು."

ಹುಡುಗಿ ಉಗುರು ನೋಡಿಕೊಳ್ಳುತ್ತ, ಅಣ್ಣೋರು ಹಾಗೆ ಹೇಳೋಕೆ ಹೇಳಿದ್ದು ಎಂದಳು. ಅಣ್ಣೋರು ಎಂದರೆ ಡಾಕ್ಟರ ಸ್ವಂತ ಅಣ್ಣ, ಸೆಂಟರಿನ ವ್ಯವಹಾರ ನೋಡಿಕೊಳ್ಳುವವರು. ಡಾಕ್ಟರು ಅತ್ತೆಯ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಕಾರ್ಡಿನವರು ಯಾರೂ ಬರುತ್ತಲೇ ಇಲ್ಲ ಎಂದು ಅಣ್ಣ ಹೇಳುತ್ತಿದ್ದರಂತೆ. ಊರಿನ ಬಡವರೆಲ್ಲ ಗಟ್ಟಿಮುಟ್ಟಾಗಿದ್ದಾರೆ ಎಂದು ತಾವು ಖುಷಿಪಟ್ಟಿದ್ದೂ ಉಂಟಂತೆ.

ಅಷ್ಟರಲ್ಲಿ ಅಣ್ಣನೇ ತಮ್ಮ ಕೋಣೆಯಿಂದ ಬಂದು, ಸರ್ಕಾರದ ದುಡ್ಡು ಬರುವುದು ತೀರಾ ತಡ, ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಮೆಲ್ಲಗೆ ಗೊಣಗಿದರು.

"ಸರಿ ಅಣ್ಣ," ಎಂದರು ತಂಗಿ. "ನಾನೂ ಇವತ್ತಿಂದ ರಿಪೋರ್ಟ್ ತಡವಾಗೇ ಬರೀತೀನಿ. ಎಲ್ಲರದ್ದೂ."

ಅಣ್ಣ ತಾವೇ ಕೌಂಟರಿನ ಹಿಂದೆ ಹೋಗಿ ಮಾವನ ಹೆಸರು ಬರೆದುಕೊಂಡರು.

ಮಾವನಿಗೆ ಆ ಕೊಳವೆಯೊಳಗೆ ಹೋಗಲು ಭಯವಿತ್ತು. ಆದರೆ ಯಂತ್ರ ಟಕಟಕ ಎಂದು ಬಡಿಯಲು ಶುರುಮಾಡಿದಾಗ ಅದರ ತಾಳ ಅವರ ಹೊಲಿಗೆ ಯಂತ್ರದಂತೆಯೇ ಕೇಳಿ, ಹಾಯಾಗಿ ನಿದ್ದೆ ಹೋದರು. ನಿದ್ದೆ ಹೋದವರು ಗೊರಕೆ ಹೊಡೆದರು. ಗೊರಕೆಗೆ ಭುಜ ಕುಣಿದು ಚಿತ್ರವೆಲ್ಲ ಕಲಸಿಹೋಯಿತು. ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಎಬ್ಬಿಸಿಯೇ ಇಡಲು ಡಾಕ್ಟರು ಮೈಕನ್ನು ಅತ್ತೆಯ ಕೈಗೆ ಕೊಟ್ಟರು.

"ದಯವಿಟ್ಟು ಲೈನಿನಲ್ಲೇ ಇರಿ," ಎಂದರು ಅತ್ತೆ, ಎಕ್ಸ್‌ಚೇಂಜಿನ ಹಳೆಯ ದನಿಯಲ್ಲಿ. ಮಾವ ಕಣ್ಣರಳಿಸಿ, ಕೊನೆಯವರೆಗೂ ಅಲ್ಲಾಡದೆ ಮಲಗಿದರು. ಮದುವೆಗೆ ಮುಂಚೆ ಟ್ರಂಕ್ ಕಾಲಿಗೆ ಕಾದಾಗ ಆ ದನಿ ಕೇಳಿ ತಮಗೆ ಹೀಗೇ ಉಸಿರು ಕಟ್ಟುತ್ತಿತ್ತು ಎಂದು ಆಮೇಲೆ ಡಾಕ್ಟರಿಗೆ ಹೇಳಿ ಹೆಂಡತಿಯಿಂದ ತಿವಿಸಿಕೊಂಡರು.

ಭುಜದ ಸ್ನಾಯು ತುಸು ಹರಿದಿತ್ತು, ಅಷ್ಟೇ. ಆಪರೇಷನ್ ಬೇಡ, ವ್ಯಾಯಾಮ ಸಾಕು ಎಂದಾಯಿತು. ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ, ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು. ಮಾವನ ಗೆರೆಗಳು ನೋಡುನೋಡುತ್ತಿದ್ದಂತೆ ಏರಿದವು. ಹೊಗಳಿಕೊಳ್ಳುತ್ತ ಬೀದಿಯವರನ್ನೂ ಕರೆದು ತೋರಿಸಿದರು. ಅತ್ತೆಗೆ ಮಾತ್ರ ಏನೋ ಅನುಮಾನ. ಒಂದು ಬೆಳಿಗ್ಗೆ ಸದ್ದಿಲ್ಲದೆ ಹಿಂದಿನಿಂದ ಬಂದು ನೋಡಿದರೆ, ಮಾವ ಎರಡೂ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಂತಿದ್ದರು.