ಪಕ್ಕದ ಮನೆಯ ನಿದ್ದೆ

"ನಿಲ್ಸಪ್ಪಾ, ನಿಲ್ಸು," ಎಂದು ಡ್ರಮ್ಮಿನವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ.

ಗಡಿಯಾರಣ್ಣ ಗಿಟಾರಿನಿಂದ ಬೆರಳು ತೆಗೆದ. ತೆಗೆದ ಮೇಲೂ ತಂತಿಗಳು ಆಂಪ್ಲಿಫಯರಿನಲ್ಲಿ ಗೊಂಯ್ ಎನ್ನುತ್ತಲೇ ಇದ್ದವು. ಮರದ ಸಾಮಾನಿನ ಗೋದಾಮಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ವಾದ್ಯತಂಡ ಅದು, ಅವನಿಗೆ ಗಡಿಯಾರ ಎಂದು ಹೆಸರಿಟ್ಟವರೂ ಅವರೇ. ಹದಿನೆಂಟು ವರ್ಷದಿಂದ ಹಿಂದಿನ ಸಾಲಿನಲ್ಲಿ ನಿಂತು ತಾಳ ತಪ್ಪದೆ ರಿದಮ್ ಹೊಡೆದವನನ್ನು ಇನ್ನೇನೆಂದು ಕರೆಯುತ್ತಾರೆ? ಇಷ್ಟು ವರ್ಷದ ಫೋಟೋಗಳಲ್ಲಿ ಸ್ಪೀಕರಿನ ಮರೆಯಲ್ಲಿ ಅವನ ಒಂದು ಭುಜ ಮಾತ್ರ ಕಾಣುತ್ತಿತ್ತು. ಈಗ ಸೋಲೋ ಬಾರಿಸುತ್ತಿದ್ದವನು ಕೈಕೊಟ್ಟು ಬೇರೆ ತಂಡ ಸೇರಿದ್ದ. ಮುಂದಿನ ಭಾನುವಾರದ ಕಾರ್ಯಕ್ರಮದಲ್ಲಿ ಅರ್ಧ ನಿಮಿಷ ವೇದಿಕೆಯ ಮುಂದೆ ಬಂದು ಒಬ್ಬನೇ ಬಾರಿಸುವ ಸರದಿ ಇವನದು. ಅದು ತಪ್ಪಿಹೋದರೆ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬೆರಳಿನ ಓಟ ಏನೋ ಭರ್ಜರಿಯಾಗಿದೆ," ಎಂದ ಡ್ರಮ್ಮಿನವನು. "ಆದ್ರೆ ಒಂದು ತಂತಿ ಬಾರಿಸಿದ್ರೆ ಮಿಕ್ಕಿದ್ದೆಲ್ಲಾ ಜೊತೇಲಿ ಗೊಣಗ್ತಿವೆ. ಅಂಗೈಯಲ್ಲಿ ಅವನ್ನ ಅದುಮಿ ಇಡ್ಬೇಕಲ್ವಾ? ಮನೇಲಿ ಇದು ಕಿವಿಗೇ ಬೀಳ್ಲಿಲ್ವಾ?"

"ಮನೇಲಿ ಪ್ಲಗ್ ಹಾಕಲ್ಲ. ತಂತಿಗೂ ಒಂದು ಕಾಲುಚೀಲ ಕಟ್ಕೊಂಡಿರ್ತೀನಿ."

ಕೀಬೋರ್ಡಿನವನು ನಕ್ಕುಬಿಟ್ಟ. "ಯಾಕೆ, ಗಿಟಾರಿಗೆ ಚಳೀನಾ?"

ತಂಡದ ಯಜಮಾನ ನಗಲಿಲ್ಲ. "ಗುರುವಾರ ಇನ್ನೊಂದ್ಸಲ ನೋಡೋಣ ಗಡಿಯಾರಣ್ಣ. ಸರಿಹೋಗ್ಲಿಲ್ಲ ಅಂದ್ರೆ ಆ ಜಾಗ ಕೀಬೋರ್ಡಿಗೆ ಬಿಟ್ಕೊಡೋಣ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಗಿಟಾರು ಬೆನ್ನಿಗೇರಿಸಿ ಮನೆಯ ಕಡೆ ನಡೆದ. ಎರಡು ತಿಂಗಳಿಂದ ಅವನೇನು ಕೈಕಟ್ಟಿ ಕೂತಿರಲಿಲ್ಲ. ತಾಳ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ ಅರವತ್ತಕ್ಕೆ ಇಟ್ಟು, ಅದರ ಟಿಕ್ ಟಿಕ್ ಒಂದು ಕಿವಿಗೆ ಸಿಕ್ಕಿಸಿಕೊಂಡು, ಒಂದೊಂದು ಟಿಕ್ಕಿಗೆ ನಾಲ್ಕು ಸ್ವರ. ಮೂರು ಸಲ ತಪ್ಪಿಲ್ಲದೆ ಬಂದರೆ ಅರವತ್ತನಾಲ್ಕು. ತಪ್ಪಿದರೆ ಮತ್ತೆ ಕೆಳಗೆ. ಸೋಮಾರಿ ಕಿರುಬೆರಳಿಗೆ ಬೇರೆಯಾಗಿ ಪಾಠ. ಬೇಕರಿಯಲ್ಲಿ ಹಿಟ್ಟು ನಾದಿ ದಪ್ಪಗಾದ ಬೆರಳುಗಳನ್ನು ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಿ ನೂರಾ ಮೂವತ್ತೆರಡಕ್ಕೆ ತಂದು ನಿಲ್ಲಿಸಿದ್ದ. ಅಷ್ಟೆಲ್ಲಾ ಮಾಡಿಯೂ ಆ ಗೊಣಗಾಟ ಒಂದು ದಿನವೂ ಕೇಳಿಸಿರಲಿಲ್ಲ, ಕಾಲುಚೀಲ ಅದನ್ನು ನುಂಗಿಹಾಕಿತ್ತು.

ಕಾಲುಚೀಲ ಕಟ್ಟಿದ್ದು ಪಕ್ಕದ ಮನೆಯ ನರ್ಸಮ್ಮನಿಗಾಗಿ. ನಾಲ್ಕು ವರ್ಷದ ಹಿಂದೆ ಬೀಗದ ಕೈ ಕೊಡುವಾಗ ಮನೆ ಮಾಲೀಕ ಒಂದೇ ಮಾತು ಹೇಳಿದ್ದ: "ಆಯಮ್ಮಂದು ರಾತ್ರಿ ಡ್ಯೂಟಿ, ಹಗಲೆಲ್ಲಾ ಮಲಗಿರ್ತಾರೆ. ಸದ್ದು ಮಾಡ್ಬೇಡಿ." ಇವನು ನಸುಕಿನಲ್ಲೇ ಬೇಕರಿಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರಿ, ಕತ್ತಲಾಗುವ ಮೊದಲೇ ಮಲಗಿಬಿಡುವವನು. ಆಕೆಯ ಬಾಗಿಲು ಬೀದಿಗೆ, ಇವನದು ಹಿಂದಿನ ಓಣಿಗೆ. ಒಂದು ದಿನವೂ ಮುಖ ನೋಡಿದ್ದಿಲ್ಲ. ಆದರೂ ನಲ್ಲಿಯನ್ನು ಸಣ್ಣಗೆ ಬಿಡುತ್ತಿದ್ದ, ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತುತ್ತಿದ್ದ, ಕುರ್ಚಿ ಎಳೆಯದೆ ಎತ್ತಿ ಇಡುತ್ತಿದ್ದ. ಗೋಡೆಯಾಚೆ ಎಷ್ಟು ನಿಶ್ಶಬ್ದವಿದ್ದರೆ ಅಷ್ಟು ಚೆನ್ನಾಗಿ ಆಕೆ ನಿದ್ದೆ ಹೋಗಿದ್ದಾಳೆ ಎಂದು ಲೆಕ್ಕ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯವೆಂದರೆ, ಬೇಕರಿಯಿಂದ ಬಂದ ಮೇಲೆ ಮಾರನೆಯ ಬೆಳಗಿನತನಕ ಯಾರೊಂದಿಗೂ ಮಾತಿಲ್ಲದ ಅವನಿಗೆ ಈ ಕಾವಲು ಇಷ್ಟವಾಗಿತ್ತು. ಮನೆಯಲ್ಲಿ ಮಲಗಿದವರೊಬ್ಬರಿದ್ದಾರೆ ಎಂಬಂತೆ ತುದಿಗಾಲಲ್ಲಿ ಓಡಾಡುವುದು ಅವನಿಗೆ ಹಿತವೆನಿಸುತ್ತಿತ್ತು.

ಈಗ ಬೇರೆ ದಾರಿಯಿರಲಿಲ್ಲ. ಆಂಪ್ಲಿಫಯರ್ ಹಾಕಿಕೊಂಡೇ ಮೊದಲಿನಿಂದ ಶುರುಮಾಡಬೇಕು, ಇರುವುದು ನಾಲ್ಕೇ ದಿನ. ದಿನಕ್ಕೆ ಒಂದು ಗಂಟೆ, ಆಕೆ ಯಾವ ಹೊತ್ತು ಹೇಳುತ್ತಾರೋ ಆ ಹೊತ್ತು ಎಂದು ಕೇಳಿಕೊಳ್ಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಓಣಿಗೆ ತಿರುಗದೆ ನೇರ ಬೀದಿಗೆ ಬಂದ. ಆಕೆಯ ಕಿಟಕಿ ತೆರೆದಿತ್ತು, ಒಳಗೆ ಪಾತ್ರೆ ತೊಳೆಯುವ ಸದ್ದು. ಎದ್ದಿದ್ದಾರೆ, ಸದ್ಯ, ಎಂದುಕೊಂಡು ಬಾಗಿಲು ತಟ್ಟಿದ.

ಐವತ್ತರ ಆಸುಪಾಸಿನ ಹೆಂಗಸು ಒದ್ದೆ ಕೈಯಲ್ಲೇ ಬಾಗಿಲನ್ನು ಅರ್ಧ ತೆರೆದಳು. "ಯಾರು ಬೇಕಿತ್ತು?"

"ನಾನು ಪಕ್ಕದ ಮನೆಯವನು. ನಿಮ್ಮ ನಿದ್ದೆ ವಿಷಯ ಒಂದು ಮಾತು ಕೇಳ್ಬೇಕಿತ್ತು."

"ನನ್ನ ನಿದ್ದೇನಾ?" ಆಕೆ ಅವನನ್ನೂ ಬೆನ್ನಿನ ಗಿಟಾರನ್ನೂ ನೋಡಿದಳು.

"ರಾತ್ರಿ ಡ್ಯೂಟಿ ಮಾಡಿ ಬಂದಿರ್ತೀರಿ, ಹಗಲು ಮಲಗ್ತೀರಿ ಅಂತ ಮಾಲೀಕರು ಹೇಳಿದ್ರು."

"ಅಯ್ಯೋ, ಅದು ಯಾವ ಕಾಲದ ಮಾತು. ನಾನು ಹಗಲು ಡ್ಯೂಟಿಗೆ ಬಂದೇ ಮೂರು ವರ್ಷ ಆಯ್ತು. ಬೆಳಿಗ್ಗೆ ಏಳಕ್ಕೆ ಹೋದ್ರೆ ಕತ್ತಲಾದ ಮೇಲೇ ಬರೋದು. ಭಾನುವಾರ ಒಂದು ದಿನ ಮನೇಲಿರ್ತೀನಿ ಅಷ್ಟೆ."

ಮೂರು ವರ್ಷ ಅವನು ಕಾದದ್ದು ಖಾಲಿ ಮನೆಯನ್ನು.

"ಅಂತೂ ಪಕ್ಕದ ಮನೆಗೆ ಜನ ಬಂದ್ರಲ್ಲ," ಎಂದಳು ಆಕೆ. ಬಾಗಿಲು ಈಗ ಪೂರ್ತಿ ತೆರೆದಿತ್ತು. "ಎಷ್ಟು ವರ್ಷದಿಂದ ಖಾಲಿ ಬಿದ್ದಿತ್ತು ಅಂತೀರಿ. ಒಂದು ಪಾತ್ರೆ ಸದ್ದಿಲ್ಲ, ಒಂದು ಕೆಮ್ಮಿಲ್ಲ. ಖಾಲಿ ಮನೆ ಪಕ್ಕ ಒಬ್ಬಳೇ ಇರೋದು ಅಂದ್ರೆ, ಸುಳ್ಳು ಯಾಕೆ ಹೇಳ್ಲಿ, ನಂಗೆ ಭಯಾನೇ ಆಗ್ತಿತ್ತು. ಯಾವಾಗ ಬಂದ್ರಿ ನೀವು?"

ಅವನು ಗಿಟಾರಿನ ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡ.

"ಹೋದ ವಾರ," ಎಂದ.

"ಒಳ್ಳೇದಾಯ್ತು ಬಿಡಿ. ಏನೋ ಕೇಳ್ಬೇಕು ಅಂದ್ರಲ್ಲ?"

"ಗಿಟಾರು ಬಾರಿಸಬಹುದಾ ಅಂತ. ಸ್ವಲ್ಪ ಜೋರಾಗಿ."

"ಬಾರಿಸಿ, ಅದಕ್ಕೇನು. ಮನೆ ಅಂದ್ಮೇಲೆ ಸದ್ದು ಇರ್ಬೇಕಪ್ಪ."

ಅವನು ಸುತ್ತು ಬಳಸಿ ಓಣಿಗೆ ಬಂದು ಬೀಗ ತೆಗೆದ. ಆಂಪ್ಲಿಫಯರಿನ ಮೇಲೆ ಮಡಿಸಿಟ್ಟಿದ್ದ ಬಟ್ಟೆಗಳನ್ನು ಮಂಚಕ್ಕೆ ಹಾಕಿ, ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದ. ಅದು ನೆಲವನ್ನು ಕರಕರ ಕೆರೆಯಿತು. ಎಳೆಯುವುದನ್ನು ಅವನು ನಿಲ್ಲಿಸಲಿಲ್ಲ.